ಸಿ ಕಲಿಯೋಣ ಬನ್ನಿ – 2: ಕೀವರ್ಡ್, ಕಾನ್‌ಸ್ಟೆಂಟ್, ವೇರಿಯಬಲ್



ಹೋದ ಸಂಚಿಕೆಯಲ್ಲಿ ಒಂದು ಪುಟ್ಟ ಸಿ ಪ್ರೋಗ್ರಾಮ್ ಬರೆದು, ಕಂಪೈಲ್ ಮಾಡಿ, ಪರದೆಯ ಮೇಲೆ ನಮ್ಮ ಹೆಸರು ಮೂಡಿಸಿದ್ದೆವು. ಈ ಸಲ ಒಂದು ಹೆಜ್ಜೆ ಮುಂದೆ ಹೋಗೋಣ. ಅದಕ್ಕೂ ಮೊದಲು, ನಾವು ಮೊದಲ ಸೆಮಿಸ್ಟರ್‌ನಲ್ಲಿದ್ದಾಗ ಲ್ಯಾಬಿನಲ್ಲಿ ಆದ ಒಂದು ಪ್ರಸಂಗ ಹೇಳಿಬಿಡುತ್ತೇವೆ.

ಫ್ಯಾರನ್‌ಹೀಟ್‌ನಲ್ಲಿರುವ ಉಷ್ಣತೆಯನ್ನು ಸೆಲ್ಸಿಯಸ್‌ಗೆ ಬದಲಾಯಿಸುವ ಪ್ರೋಗ್ರಾಮ್ ಬರೆಯಬೇಕಿತ್ತು. ಸೂತ್ರ ಹೈಸ್ಕೂಲಿನಿಂದಲೂ ಗೊತ್ತಿದ್ದದ್ದೇ: 32 ಕಳೆದು, ಒಂಬತ್ತನೇ ಐದರಿಂದ ಗುಣಿಸಬೇಕು. ನಾವು ಮೂವರು ಸೇರಿ ಬರೆದೆವು. ಒಂದು ಎರರ್ ಇಲ್ಲ, ಒಂದು ವಾರ್ನಿಂಗ್ ಇಲ್ಲ. ಖುಷಿಯಲ್ಲಿ 98.6 ಕೊಟ್ಟೆವು. ಉತ್ತರ 0.00 ಅಂತ ಬಂತು. 104 ಕೊಟ್ಟರೂ 0.00. ನೀರು ಕುದಿಯುವ 212 ಕೊಟ್ಟರೂ ಅದೇ 0.00. ಅಷ್ಟರಲ್ಲಿ ಹಿಂದಿನಿಂದ ಬಂದ ಮೇಡಂ, "ಕುದಿಯೋ ನೀರನ್ನೂ ಐಸ್ ಮಾಡಿಬಿಟ್ರಾ? ನಿಮ್ಮ ಪ್ರೋಗ್ರಾಮ್ ಫ್ರಿಜ್‌ಗಿಂತ ಚೆನ್ನಾಗಿದೆ ಕಣ್ರೋ" ಅಂದು ಮುಂದೆ ಹೋದರು. ಇಡೀ ಬ್ಯಾಚ್ ನಕ್ಕಿತು.

ಸೂತ್ರ ಸರಿ ಇತ್ತು, ಸೆಮಿಕೋಲನ್ ಸರಿ ಇತ್ತು, ಆವರಣಗಳೂ ಸರಿ ಇದ್ದವು. ಹಾಗಾದರೆ ತಪ್ಪು ಎಲ್ಲಿತ್ತು? ಈ ಪಾಠ ಮುಗಿಯುವಷ್ಟರಲ್ಲಿ ಉತ್ತರ ನಿಮಗೇ ಸಿಗುತ್ತದೆ. ನಾವು ಬರೆದಿದ್ದ ಎರಡು ಮುಖ್ಯ ಸಾಲುಗಳು ಇವು:

ಫ್ಲೋಟ್ ಫ್ಯಾರನ್ = 98.6, ಸೆಲ್ಸಿ;
ಸೆಲ್ಸಿ = (5/9) * (ಫ್ಯಾರನ್ - 32);

ಒಂದು ಮಾತು. ಓದಲು ಸುಲಭವಾಗಲಿ ಅಂತ ಇಲ್ಲಿ ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಲ್ಯಾಬಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೂರು ಪದ, ಒಂದೇ ಪ್ರಶ್ನೆ

ಪರೀಕ್ಷೆಗೆ ಅಂತ ನಾವೆಲ್ಲ ಮೂರು ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡುತ್ತೇವೆ. ಕೀವರ್ಡ್ ಅಂದರೆ ಮೀಸಲು ಪದ, ಕಾನ್‌ಸ್ಟೆಂಟ್ ಅಂದರೆ ಸ್ಥಿರಾಂಕ, ವೇರಿಯಬಲ್ ಅಂದರೆ ಚರಾಕ್ಷರ. ಬರೆದರೆ ಅಂಕ ಬರುತ್ತದೆ, ನಿಜ. ಆದರೆ ಮೂರನ್ನೂ ಒಂದೇ ಪ್ರಶ್ನೆ ಕೇಳಿ ನೋಡಿದರೆ ಹೆಚ್ಚು ಅರ್ಥವಾಗುತ್ತದೆ: ಇದನ್ನು ಬದಲಾಯಿಸುವ ಹಕ್ಕು ಯಾರಿಗಿದೆ?

ಕೀವರ್ಡ್‌ನ ಅರ್ಥವನ್ನು ಭಾಷೆಯೇ ನಿಗದಿ ಮಾಡಿದೆ, ಅದನ್ನು ನಾವು ಮುಟ್ಟುವಂತಿಲ್ಲ. ಕಾನ್‌ಸ್ಟೆಂಟ್‌ನ ಬೆಲೆಯನ್ನು ಪ್ರೋಗ್ರಾಮ್ ಬರೆಯುವಾಗ ನಾವು ನಿಗದಿ ಮಾಡುತ್ತೇವೆ, ಪ್ರೋಗ್ರಾಮ್ ಓಡುವಾಗ ಅದು ಬದಲಾಗುವುದಿಲ್ಲ. ವೇರಿಯಬಲ್‌ನ ಬೆಲೆ ಪ್ರೋಗ್ರಾಮ್ ಓಡುತ್ತಿರುವಾಗಲೂ ಬದಲಾಗುತ್ತದೆ.

ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಡಿ. ಕೀವರ್ಡ್‌ನಲ್ಲಿ ತಪ್ಪು ಮಾಡಿದರೆ ಕಂಪೈಲರ್ ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಕಾನ್‌ಸ್ಟೆಂಟ್‌ನಲ್ಲಿ ತಪ್ಪು ಮಾಡಿದರೆ ಕೆಲವೊಮ್ಮೆ ಹಿಡಿಯುತ್ತದೆ, ಕೆಲವೊಮ್ಮೆ ಬಿಡುತ್ತದೆ. ವೇರಿಯಬಲ್‌ಗೆ ತಪ್ಪು ಬೆಲೆ ಬಂದು ಕೂತರೆ ಬಹಳ ಸಲ ಯಾರೂ ಹೇಳುವುದಿಲ್ಲ, ನಾವೇ ಕಂಡುಹಿಡಿಯಬೇಕು. ಲ್ಯಾಬಿನಲ್ಲಿ ನಾವು ಎರರ್‌ಗೆ ಹೆದರುತ್ತೇವೆ. ನಿಜಕ್ಕೂ ಹೆದರಬೇಕಾದದ್ದು ಎರರ್ ಬಾರದ ತಪ್ಪಿಗೆ.

ಕೀವರ್ಡ್: ಬರೀ 32

ಸಿ ಭಾಷೆಯನ್ನು ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದರು. 1989ರಲ್ಲಿ ಅದಕ್ಕೆ ಮೊದಲ ಅಧಿಕೃತ ಮಾನಕ ಬಂತು. ಆ ಮಾನಕದಲ್ಲಿರುವ ಕೀವರ್ಡ್‌ಗಳು 32. 1999ರ ಮಾನಕದಲ್ಲಿ ಇನ್ನೂ ಐದು ಸೇರಿದವು, ಆಮೇಲೆ ಮತ್ತಷ್ಟು. ಆದರೆ ಮೊದಲ ವರ್ಷಕ್ಕೆ ನಮಗೆ ಬೇಕಾಗುವುದು ಈ 32 ಮಾತ್ರ. ಸಾಲಾಗಿ ಉರು ಹೊಡೆಯುವ ಬದಲು ಕೆಲಸದ ಪ್ರಕಾರ ಗುಂಪು ಮಾಡಿಕೊಳ್ಳಿ:

ಮಾಹಿತಿಯ ಬಗೆ ಹೇಳಲು: ಇಂಟ್, ಚಾರ್, ಫ್ಲೋಟ್, ಡಬಲ್, ವಾಯ್ಡ್
ಆ ಬಗೆಯನ್ನು ಹಿಗ್ಗಿಸಲು, ಕುಗ್ಗಿಸಲು: ಶಾರ್ಟ್, ಲಾಂಗ್, ಸೈನ್ಡ್, ಅನ್‌ಸೈನ್ಡ್
ಬದಲಾವಣೆಯ ಬಗ್ಗೆ ಹೇಳಲು: ಕಾನ್ಸ್ಟ್, ವೊಲಟೈಲ್
ನಮ್ಮದೇ ಬಗೆ ಕಟ್ಟಿಕೊಳ್ಳಲು: ಸ್ಟ್ರಕ್ಟ್, ಯೂನಿಯನ್, ಈನಮ್, ಟೈಪ್‌ಡೆಫ್
ಎಲ್ಲಿ, ಎಷ್ಟು ಹೊತ್ತು ಇರಬೇಕು ಅಂತ ಹೇಳಲು: ಆಟೋ, ರಿಜಿಸ್ಟರ್, ಸ್ಟ್ಯಾಟಿಕ್, ಎಕ್ಸ್‌ಟರ್ನ್
ತೀರ್ಮಾನ ಮಾಡಲು: ಇಫ್, ಎಲ್ಸ್, ಸ್ವಿಚ್, ಕೇಸ್, ಡಿಫಾಲ್ಟ್
ಮತ್ತೆ ಮತ್ತೆ ಮಾಡಲು: ಫಾರ್, ವೈಲ್, ಡು
ಜಿಗಿಯಲು, ಹೊರಬರಲು: ಬ್ರೇಕ್, ಕಂಟಿನ್ಯೂ, ಗೋಟು, ರಿಟರ್ನ್
ಅಳತೆ ಕೇಳಲು: ಸೈಜ್‌ಆಫ್

ಎಣಿಸಿ ನೋಡಿ, ಸರಿಯಾಗಿ 32 ಇವೆ.

ಬಸ್ಸಿನಲ್ಲಿ 'ಮಹಿಳೆಯರಿಗೆ ಮೀಸಲು' ಅಂತ ಬರೆದ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಕಂಡಕ್ಟರ್ ಒಂದೊಂದು ಸಲ ಸುಮ್ಮನಿರಬಹುದು. ಕಂಪೈಲರ್ ಅಂಥ ಕಂಡಕ್ಟರ್ ಅಲ್ಲ. 'ಇಂಟ್ ಕೇಸ್ = 5;' ಅಂತ ಬರೆದು ನೋಡಿ, ತಕ್ಷಣ ಎಬ್ಬಿಸಿ ಕಳಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್, ಮೇನ್ ಇವು ಕೀವರ್ಡ್‌ಗಳಲ್ಲ. ವೈವಾದಲ್ಲಿ ಇದನ್ನು ಕೇಳಿದಾಗ ನಮ್ಮಲ್ಲಿ ಅರ್ಧ ಜನ ಎಡವಿದ್ದೆವು. ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಲೈಬ್ರರಿಯಿಂದ ಬರುವ ಫಂಕ್ಷನ್‌ಗಳು. ಮೇನ್ ಅನ್ನುವುದು ನಾವೇ ಬರೆಯುವ ಫಂಕ್ಷನ್‌ನ ಹೆಸರು, ಪ್ರೋಗ್ರಾಮ್ ಶುರುವಾಗುವ ಜಾಗ.

ಎರಡನೆಯದು, ಎಲ್ಲ 32 ಕೀವರ್ಡ್‌ಗಳೂ ಸಣ್ಣಕ್ಷರದಲ್ಲೇ ಇರಬೇಕು. ಸಿ ಭಾಷೆಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಮೊಬೈಲಿನಲ್ಲಿ ಕೋಡ್ ಟೈಪ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಸಾಲಿನ ಮೊದಲ ಅಕ್ಷರವನ್ನು ಕೀಬೋರ್ಡ್ ತಾನಾಗಿಯೇ ದೊಡ್ಡದು ಮಾಡುತ್ತದೆ. ಆಗ 'ಇಫ್' ಕೀವರ್ಡ್ ಆಗಿ ಉಳಿಯುವುದಿಲ್ಲ, ಕಂಪೈಲರ್ ಇನ್ನೇನೋ ಗೊಣಗುತ್ತದೆ. ಎರರ್ ಓದಿ ಅರ್ಥವಾಗದಿದ್ದರೆ ಮೊದಲು ಇದನ್ನು ನೋಡಿಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯರಿಗೆ ಒಂದು ಮಾತು. ನಮ್ಮಲ್ಲೂ ಕೆಲವರು ಹಾಗೇ ಬಂದವರು. ಮೊದಲ ದಿನ ಬೋರ್ಡ್ ತುಂಬ ಇಂಗ್ಲಿಷ್ ಕೋಡ್ ನೋಡಿ, ಇದು ನಮ್ಮ ಕೈಲಾಗದು ಅಂದುಕೊಂಡವರು. ಆದರೆ ಲೆಕ್ಕ ಹಾಕಿ, ಈ ಭಾಷೆಯಲ್ಲಿ ಕಲಿಯಲೇಬೇಕಾದ ಮೀಸಲು ಪದಗಳು 32 ಮಾತ್ರ. ಅವುಗಳ ಇಂಗ್ಲಿಷ್ ಅರ್ಥಕ್ಕಿಂತ ಅವು ಮಾಡುವ ಕೆಲಸ ಮುಖ್ಯ. ಇಷ್ಟು ಸಣ್ಣ ಪದಕೋಶದ ಭಾಷೆಯನ್ನು ನಾವು ಬೇರೆಲ್ಲೂ ಕಲಿತಿಲ್ಲ.

ಕಾನ್‌ಸ್ಟೆಂಟ್: ಕಂಡಷ್ಟು ಸರಳ ಅಲ್ಲ

ಪ್ರೋಗ್ರಾಮ್‌ನಲ್ಲಿ ನೇರವಾಗಿ ಬರೆದ ಬೆಲೆಯೇ ಕಾನ್‌ಸ್ಟೆಂಟ್. 60 ಒಂದು ಕಾನ್‌ಸ್ಟೆಂಟ್, 3.14 ಇನ್ನೊಂದು. 5 ಯಾವತ್ತಿದ್ದರೂ 5 ತಾನೇ, ಇದರಲ್ಲಿ ಕಲಿಯುವುದೇನಿದೆ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಆದರೆ ಸಿ ಭಾಷೆಯಲ್ಲಿ ಪ್ರತಿ ಕಾನ್‌ಸ್ಟೆಂಟ್‌ಗೂ ಬೆಲೆಯ ಜೊತೆ ಒಂದು ಬಗೆಯೂ ಇರುತ್ತದೆ, ಮತ್ತು ಆ ಬಗೆ ನಾವು ಬರೆಯುವ ರೀತಿಯ ಮೇಲೆ ಹೋಗುತ್ತದೆ. 5 ಪೂರ್ಣಾಂಕ. 5.0 ದಶಮಾಂಶದ್ದು. ಒಂಟಿ ಉದ್ಧರಣ ಚಿಹ್ನೆಯೊಳಗಿನ '5' ಒಂದು ಅಕ್ಷರ, ಆಸ್ಕಿ ಪಟ್ಟಿಯ ಪ್ರಕಾರ ಅದರ ಬೆಲೆ 53. ಜೋಡಿ ಉದ್ಧರಣದೊಳಗಿನ "5" ಒಂದು ಸ್ಟ್ರಿಂಗ್. ಅದಕ್ಕೆ ಎರಡು ಬೈಟ್ ಜಾಗ ಬೇಕು, ಅಕ್ಷರಕ್ಕೆ ಒಂದು, ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಸೊನ್ನೆ ಬೆಲೆಯ ಗುರುತಿಗೆ ಒಂದು. ನಮ್ಮ ಕಣ್ಣಿಗೆ ನಾಲ್ಕೂ ಐದೇ, ಕಂಪೈಲರ್‌ಗೆ ನಾಲ್ಕೂ ಬೇರೆ ಬೇರೆ.

ಈಗ ಮೇಲಿನ ಎರಡು ಸಾಲುಗಳನ್ನು ಮತ್ತೆ ನೋಡಿ. ತಪ್ಪು ಕಾಣಿಸಿತಾ? 5 ಪೂರ್ಣಾಂಕ, 9 ಪೂರ್ಣಾಂಕ. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಸಿ ಕೊಡುವುದೂ ಪೂರ್ಣಾಂಕವನ್ನೇ. 5ರಲ್ಲಿ 9 ಎಷ್ಟು ಸಲ ಹೋಗುತ್ತದೆ? ಸೊನ್ನೆ ಸಲ. ದಶಮಾಂಶದ ಭಾಗವನ್ನು ಅದು ಅಲ್ಲೇ ಬಿಸಾಡುತ್ತದೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ. 'ಸೆಲ್ಸಿ' ಫ್ಲೋಟ್ ಅಲ್ವಾ ಅಂತ ನಾವು ವಾದ ಮಾಡಿದ್ದೆವು. ಹೌದು, ಆದರೆ ಬೆಲೆ ಅಲ್ಲಿಗೆ ತಲುಪುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ಸಾಲನ್ನು ಹೀಗೆ ತಿದ್ದಿದೆವು:

ಸೆಲ್ಸಿ = (5.0/9.0) * (ಫ್ಯಾರನ್ - 32);

98.6ಕ್ಕೆ 37.00 ಬಂತು. ವ್ಯತ್ಯಾಸ ಎರಡು ಚುಕ್ಕಿ, ಎರಡು ಸೊನ್ನೆ.

ಇನ್ನೊಂದು ಬಲೆ ಮೊದಲಿಗೆ ಬರುವ ಸೊನ್ನೆ. ಅಂದವಾಗಿ ಕಾಣಲಿ ಅಂತ ರೋಲ್ ನಂಬರ್‌ಗಳನ್ನು 007, 008, 010 ಅಂತ ಬರೆದರೆ ಏನಾಗುತ್ತದೆ? ಸೊನ್ನೆಯಿಂದ ಶುರುವಾಗುವ ಪೂರ್ಣಾಂಕವನ್ನು ಸಿ ಅಷ್ಟಮಾನ ಪದ್ಧತಿಯ ಸಂಖ್ಯೆ ಅಂತ ಓದುತ್ತದೆ. ಆ ಪದ್ಧತಿಯಲ್ಲಿ 0ಯಿಂದ 7ರವರೆಗೆ ಮಾತ್ರ ಅಂಕಿಗಳು. ಹಾಗಾಗಿ 007 ಸರಿಯಾಗಿ 7 ಆಗುತ್ತದೆ, 008ಕ್ಕೆ ಎರರ್ ಬರುತ್ತದೆ, 010 ಮಾತ್ರ ಸದ್ದಿಲ್ಲದೆ 8 ಆಗಿಬಿಡುತ್ತದೆ. ಮೂರರಲ್ಲಿ ಅಪಾಯ ಯಾವುದು ಅಂತ ನಾವು ಹೇಳಬೇಕಿಲ್ಲ.

ದಶಮಾಂಶದ ಕಾನ್‌ಸ್ಟೆಂಟ್‌ಗಳದ್ದು ಬೇರೆಯೇ ಕಥೆ. 1ನ್ನು 3ರಿಂದ ಭಾಗಿಸಿದರೆ 0.333 ಅಂತ ಮುಗಿಯದೆ ಹೋಗುತ್ತದಲ್ಲ, ಹಾಗೆಯೇ ನಮ್ಮ 0.1 ದ್ವಿಮಾನ ಪದ್ಧತಿಯಲ್ಲಿ ಎಂದೂ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಫ್ಲೋಟ್‌ನಲ್ಲಿ ಒಂದು ಕಡೆ ಕತ್ತರಿಸುತ್ತದೆ, ಡಬಲ್‌ನಲ್ಲಿ ಇನ್ನೂ ದೂರ ಹೋಗಿ ಕತ್ತರಿಸುತ್ತದೆ. ಬರೀ 0.1 ಅಂತ ಬರೆದರೆ ಅದು ಡಬಲ್. ಅದಕ್ಕೇ ಒಂದು ಫ್ಲೋಟ್ ವೇರಿಯಬಲ್‌ನಲ್ಲಿ 0.1 ಇಟ್ಟು, ಅದು 0.1ಕ್ಕೆ ಸಮವೇ ಅಂತ ಕೇಳಿದರೆ ನಮ್ಮ ಲ್ಯಾಬಿನ ಕಂಪ್ಯೂಟರ್ 'ಅಲ್ಲ' ಅನ್ನುತ್ತದೆ.

ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಆ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸುತ್ತಿತ್ತು, ಅದನ್ನು 0.1ರಿಂದ ಗುಣಿಸಿ ಸೆಕೆಂಡ್ ಮಾಡಿಕೊಳ್ಳುತ್ತಿತ್ತು. ಆ 0.1ನ್ನು 24 ಬಿಟ್‌ಗಳಿಗೆ ಕತ್ತರಿಸಲಾಗಿತ್ತು. ಒಂದು ಸಲಕ್ಕೆ ಆಗುತ್ತಿದ್ದ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ವ್ಯವಸ್ಥೆ ಸುಮಾರು 100 ಗಂಟೆ ಬಿಡದೆ ಓಡುತ್ತಿದ್ದರಿಂದ ಅದು ಕೂಡಿ ಕೂಡಿ 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಆ ಪ್ರೋಗ್ರಾಮ್ ಸಿ ಭಾಷೆಯದ್ದಲ್ಲ. ಆದರೆ 0.1ರ ಕಥೆ ಎಲ್ಲ ಭಾಷೆಯಲ್ಲೂ ಒಂದೇ.

ಕಾನ್‌ಸ್ಟೆಂಟ್‌ಗೆ ಹೆಸರಿಡೋಣ

ನಿಮ್ಮ ಪ್ರೋಗ್ರಾಮ್‌ನಲ್ಲಿ ಹತ್ತು ಕಡೆ 60 ಅಂತಿದೆ ಅಂದುಕೊಳ್ಳಿ. ಅದರಲ್ಲಿ ಏಳು ಕಡೆ ಕ್ಲಾಸಿನ ವಿದ್ಯಾರ್ಥಿಗಳ ಸಂಖ್ಯೆ, ಮೂರು ಕಡೆ ಗಂಟೆಗೆ 60 ನಿಮಿಷ. ಮುಂದಿನ ವರ್ಷ ಕ್ಲಾಸಿಗೆ 66 ಜನ ಬಂದರು. ಈಗ ಯಾವ 60 ಬದಲಾಯಿಸುತ್ತೀರಿ? ತಪ್ಪಿ ಗಂಟೆಗೆ 66 ನಿಮಿಷ ಮಾಡಿಬಿಟ್ಟರೆ ಕಂಪೈಲರ್ ಬಾಯಿ ಬಿಡುವುದಿಲ್ಲ. ಇದಕ್ಕೆ ಹೆಸರಿಡುವುದೇ ಪರಿಹಾರ. ದಾರಿ ಎರಡಿವೆ:

#ಡಿಫೈನ್ ವಿದ್ಯಾರ್ಥಿಗಳು 60
ಕಾನ್ಸ್ಟ್ ಇಂಟ್ ನಿಮಿಷಗಳು = 60;

ಮೊದಲನೆಯದರಲ್ಲಿ ಕಂಪೈಲ್ ಶುರುವಾಗುವ ಮೊದಲೇ ಆ ಹೆಸರು ಬಂದ ಕಡೆಯೆಲ್ಲ 60 ಅಂತ ಬರೆದುಕೊಂಡು ಹೋಗಲಾಗುತ್ತದೆ. ಕೊನೆಗೆ ಸೆಮಿಕೋಲನ್ ಹಾಕಬಾರದು, ಹಾಕಿದರೆ ಅದೂ 60ರ ಜೊತೆ ಅಂಟಿಕೊಂಡು ಎಲ್ಲ ಕಡೆ ಹೋಗುತ್ತದೆ. ಎರಡನೆಯದು, ನಿಜ ಹೇಳಬೇಕೆಂದರೆ, ಬದಲಾಯಿಸುವುದಿಲ್ಲ ಅಂತ ನಾವು ಮಾತು ಕೊಟ್ಟ ಒಂದು ವೇರಿಯಬಲ್. ಮುಂದೆಲ್ಲೋ ಮರೆತು 'ನಿಮಿಷಗಳು = 66;' ಅಂತ ಬರೆದರೆ ಕಂಪೈಲರ್ ಆ ಮಾತನ್ನು ನೆನಪಿಸಿ ತಡೆಯುತ್ತದೆ. ಅದು ನಿಜವಾದ ಕಾನ್‌ಸ್ಟೆಂಟ್ ಅಲ್ಲದ ಕಾರಣಕ್ಕೇ, ಸಿ ಮಾನಕದ ಪ್ರಕಾರ, ಸ್ವಿಚ್‌ನ ಒಳಗೆ 'ಕೇಸ್' ಮುಂದೆ ಅದನ್ನು ಬಳಸುವಂತಿಲ್ಲ. ಡಿಫೈನ್ ಮಾಡಿದ ಹೆಸರನ್ನು ಬಳಸಬಹುದು.

ವೇರಿಯಬಲ್: ಖಾಲಿ ರೂಮ್ ಅನ್ನುವುದೇ ಇಲ್ಲ

ಬೀಜಗಣಿತದ ಚರಾಕ್ಷರ ನಮಗೆ ಗೊತ್ತಿಲ್ಲದ ಒಂದು ಬೆಲೆ, ಸಮೀಕರಣ ಬಿಡಿಸಿ ಕಂಡುಹಿಡಿಯುತ್ತೇವೆ. ಸಿ ಭಾಷೆಯ ವೇರಿಯಬಲ್ ಹಾಗಲ್ಲ. ಅದು ಮೆಮೊರಿಯಲ್ಲಿ ಹೆಸರಿಟ್ಟು ಹಿಡಿದುಕೊಂಡ ಒಂದು ಜಾಗ. ಅದಕ್ಕೇ ಗಣಿತದಲ್ಲಿ ಅಸಂಬದ್ಧವಾದ 'ಎಣಿಕೆ = ಎಣಿಕೆ + 1' ಇಲ್ಲಿ ಸರಿ. ಬಲಗಡೆಯ ಲೆಕ್ಕ ಮೊದಲು ಮಾಡು, ಬಂದ ಉತ್ತರವನ್ನು ಎಡಗಡೆಯ ಜಾಗದಲ್ಲಿ ಇಡು ಅಂತ ಅದರ ಅರ್ಥ. ಇಲ್ಲಿ '=' ಅಂದರೆ ಸಮ ಅಲ್ಲ, 'ಇಡು'.

ಹಾಸ್ಟೆಲ್ ರೂಮ್ ನೆನಪಿಸಿಕೊಳ್ಳಿ. ಬಾಗಿಲ ಮೇಲಿನ ನಂಬರ್ ವೇರಿಯಬಲ್‌ನ ಹೆಸರು, ಒಳಗಿರುವವರು ಅದರ ಬೆಲೆ. ಒಬ್ಬರಿಗೆ ಮಾತ್ರ ಜಾಗ. ಹೊಸಬರು ಬಂದರೆ ಹಳಬರು ಹೋದ ಹಾಗೆ. ಇನ್ನು ಮೊದಲ ದಿನ ರೂಮಿಗೆ ಹೋದಾಗ ಏನಿತ್ತು? ಹಿಂದಿನವರು ಬಿಟ್ಟುಹೋದ ಹಳೇ ಪೇಪರ್, ಮುರಿದ ಬಕೆಟ್, ಗೋಡೆ ತುಂಬ ಬರಹ. ಫಂಕ್ಷನ್ ಒಳಗೆ 'ಇಂಟ್ ಮೊತ್ತ;' ಅಂತಷ್ಟೇ ಬರೆದರೂ ಇದೇ ಕಥೆ. ಆ ಜಾಗ ಖಾಲಿ ಇರುವುದಿಲ್ಲ, ಅಲ್ಲಿ ಮೊದಲು ಇದ್ದದ್ದು ಏನಾದರೂ ಇರುತ್ತದೆ. ಅದನ್ನೇ ಕಸದ ಬೆಲೆ ಅನ್ನುತ್ತೇವೆ. ಗುಡಿಸದೆ ಕೂಡುವ ಲೆಕ್ಕ ಶುರು ಮಾಡಿದರೆ ಕಸವೂ ಮೊತ್ತಕ್ಕೆ ಸೇರುತ್ತದೆ. ಕೆಲವೊಮ್ಮೆ ಆ ಕಸ ಸೊನ್ನೆಯೇ ಆಗಿದ್ದು ಉತ್ತರ ಸರಿಯಾಗಿಯೇ ಬಂದುಬಿಡುತ್ತದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಸರಿ, ಲ್ಯಾಬ್ ಇಂಟರ್ನಲ್ಸ್ ದಿನ ತಪ್ಪು. ಆದ್ದರಿಂದ 'ಇಂಟ್ ಮೊತ್ತ = 0;' ಅಂತ ಬರೆಯುವ ಅಭ್ಯಾಸ ಇವತ್ತಿನಿಂದಲೇ ಶುರು ಮಾಡಿ.

ರೂಮಿಗೆ ಅಳತೆಯೂ ಉಂಟು. ಹಳೆಯ ಟರ್ಬೋ ಸಿಯಲ್ಲಿ ಇಂಟ್‌ಗೆ 2 ಬೈಟ್, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಇವತ್ತಿನ ಸಾಮಾನ್ಯ ಕಂಪೈಲರ್‌ಗಳಲ್ಲಿ 4 ಬೈಟ್, ಮಿತಿ 2147483647. ಇದನ್ನು ಕಣ್ಣಾರೆ ನೋಡಲು ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಸಾಕು. 12ರ ಫ್ಯಾಕ್ಟೋರಿಯಲ್ 479001600, ಸರಿಯಾಗಿ ಬರುತ್ತದೆ. 13 ಕೊಟ್ಟರೆ ಸಾಮಾನ್ಯವಾಗಿ ಬರುವುದು 1932053504. ನೋಡಲು ದೊಡ್ಡದಾಗಿ, ಗಂಭೀರವಾಗಿ, ಸರಿಯಾಗಿಯೇ ಕಾಣುತ್ತದೆ. ಆದರೆ ಒಂದು ನಿಮಿಷ. ಆ ಗುಣಾಕಾರದಲ್ಲಿ 10 ಇದೆಯಲ್ಲ, ಅಂದಮೇಲೆ ಉತ್ತರದ ಕೊನೆಗೆ ಸೊನ್ನೆ ಇರಲೇಬೇಕು. ಇದರ ಕೊನೆಗೆ 4 ಇದೆ! ನಿಜವಾದ ಉತ್ತರ 6227020800. ಅದು ಇಂಟ್‌ನಲ್ಲಿ ಹಿಡಿಸಲಿಲ್ಲ, ಬೈಕಿನ ಕಿಲೋಮೀಟರ್ ಮೀಟರ್ 99999 ಆದಮೇಲೆ ಮತ್ತೆ ಸೊನ್ನೆಯಿಂದ ಶುರುವಾದ ಹಾಗೆ ಸುತ್ತು ಹೊಡೆಯಿತು. ಟರ್ಬೋ ಸಿಯಲ್ಲಾದರೆ 8ರ ಫ್ಯಾಕ್ಟೋರಿಯಲ್‌ಗೇ -25216 ಬರುತ್ತದೆ. ಅದು ವಾಸಿ, ಮೈನಸ್ ನೋಡಿದ ಕೂಡಲೇ ಅನುಮಾನವಾದರೂ ಬರುತ್ತದೆ.

ಇದೇ ಮಿತಿ ನಮಗಾಗಿ ಮುಂದೆಯೂ ಕಾದಿದೆ. ಅನೇಕ ಹಳೆಯ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ, 4 ಬೈಟ್‌ಗಳ ಪೂರ್ಣಾಂಕದಲ್ಲಿ ಎಣಿಸುತ್ತವೆ. ಆ ಎಣಿಕೆ 2147483647 ಮುಟ್ಟುವುದು 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ತಿದ್ದದೆ ಉಳಿದ ಯಂತ್ರಗಳ ತಾರೀಕು 1901ಕ್ಕೆ ಹಿಂದೆ ಹೋಗಬಹುದು. ಅವನ್ನು ಹುಡುಕಿ ತಿದ್ದುವ ಕೆಲಸ ನಮ್ಮ ನಿಮ್ಮಂಥವರ ಮೇಜಿಗೇ ಬರುತ್ತದೆ.

ಹೆಸರು ನಮ್ಮದು

ವೇರಿಯಬಲ್‌ಗೆ ಹೆಸರಿಡುವ ನಿಯಮಗಳು ಕಡಿಮೆ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ಅಂಡರ್‌ಸ್ಕೋರ್ ಬಳಸಬಹುದು. ಅಂಕಿಯಿಂದ ಶುರುವಾಗಬಾರದು. ನಡುವೆ ಜಾಗ ಬಿಡಬಾರದು. ಕೀವರ್ಡ್ ಆಗಿರಬಾರದು. ಅಷ್ಟೇ.

ಹೆಸರು ಇಂಗ್ಲಿಷ್ ಪದವೇ ಆಗಿರಬೇಕು ಅಂತ ಎಲ್ಲೂ ನಿಯಮವಿಲ್ಲ, ಗಮನಿಸಿ. ಮೊತ್ತ, ಸರಾಸರಿ, ಎಣಿಕೆ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕಂಪೈಲರ್ ಸಂತೋಷವಾಗಿ ಒಪ್ಪುತ್ತದೆ. ಕಲಿಯುವಾಗ ಹೀಗೆ ಮಾಡಿ ನೋಡಿ, ಯಾವುದು ಸಿ ಭಾಷೆಯ ಪದ, ಯಾವುದು ನಾವಿಟ್ಟ ಹೆಸರು ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಮಗೆ ಈ ಪಾಠ ತಲೆಗೆ ಹತ್ತಿದ್ದೇ ಹೀಗೆ.

ನೀವೇ ಮಾಡಿ ನೋಡಿ

1. ಐದು ವಿಷಯಗಳ ಒಟ್ಟು ಅಂಕ 372. 'ಸರಾಸರಿ' ಫ್ಲೋಟ್, 'ಮೊತ್ತ' ಇಂಟ್. 'ಸರಾಸರಿ = ಮೊತ್ತ / 5;' ಅಂದರೆ ಎಷ್ಟು ಬರುತ್ತದೆ?
2. 'ಇಂಟ್ ದಿನ = 012;' ಅಂತ ಬರೆದು ಮುದ್ರಿಸಿದರೆ ಎಷ್ಟು?
3. '2ನೇಅಂಕ', 'ಅಂಕ_2', 'ಡಬಲ್', 'ಮೇನ್2' – ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಯಾವ ಹೆಸರುಗಳು ಸರಿ?
4. ಅಕ್ಷರ ಕಾನ್‌ಸ್ಟೆಂಟ್ '7'ರಿಂದ ಅಕ್ಷರ ಕಾನ್‌ಸ್ಟೆಂಟ್ '0' ಕಳೆದರೆ ಎಷ್ಟು?

ಉತ್ತರಗಳು: ಮೊದಲನೆಯದು 74.00, 74.40 ಅಲ್ಲ. ಎರಡನೆಯದು 10. ಮೂರರಲ್ಲಿ 'ಅಂಕ_2' ಮತ್ತು 'ಮೇನ್2' ಸರಿ. ನಾಲ್ಕನೆಯದು 7. ಯಾಕೆ ಅಂತ ಪಕ್ಕದಲ್ಲಿ ಕೂತವರಿಗೆ ವಿವರಿಸಿ ನೋಡಿ, ವಿವರಿಸಲು ಬಂದರೆ ಪಾಠ ಬಂದ ಹಾಗೆ.

ಒಂದೇ ಒಂದು ವಿನಂತಿ. ಪ್ರೋಗ್ರಾಮ್ ಎರರ್ ಇಲ್ಲದೆ ಓಡಿತು ಅಂತ ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ಮೊದಲು, ಉತ್ತರ ಗೊತ್ತಿರುವ ಒಂದು ಲೆಕ್ಕ ಕೊಟ್ಟು ನೋಡಿ. ನಮಗೆ 212 ಕೊಟ್ಟರೆ 100 ಬರಬೇಕು ಅಂತ ಗೊತ್ತಿದ್ದದ್ದರಿಂದ ತಪ್ಪು ಸಿಕ್ಕಿತು. ಇಲ್ಲದಿದ್ದರೆ ಆ ಸೊನ್ನೆಯನ್ನೇ ನೀಟಾಗಿ ಬರೆದು ಸಹಿ ಹಾಕಿಸಿಕೊಂಡು ಬರುತ್ತಿದ್ದೆವೋ ಏನೋ.

ಮುಂದಿನ ಸಂಚಿಕೆಯಲ್ಲಿ ಆಪರೇಟರ್‌ಗಳ ಜೊತೆ ಸಿಗೋಣ. ಅಲ್ಲಿಯವರೆಗೆ ನಿಮ್ಮ ರೂಮ್ ಗುಡಿಸಿರಲಿ, ವೇರಿಯಬಲ್‌ಗಳೂ ಗುಡಿಸಿರಲಿ.